ಅಮ್ಮ ಆರಿಸಿ ತೆಗೆದ ಆರನೆಯ ಮೃಗ

ಈ ಅಧ್ಯಾಯದಲ್ಲಿ ತಪ್ಪುಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಪದವಿ ಪಡೆದವರು ಯಾರೂ ಇಲ್ಲ. ಬರೆದದ್ದನ್ನು ತಿದ್ದಿಕೊಡುವವರೂ ಇಲ್ಲ. ಪ್ರತಿ ವಾಕ್ಯವನ್ನೂ ಎರಡೆರಡು ಸಲ ಓದಿ ನೋಡಿದ್ದೇನೆ. ಆದರೆ ಭಾಷೆಯ ತಪ್ಪಿಗಿಂತ ಹೆಚ್ಚಾಗಿ ನನ್ನನ್ನು ಕಾಡುವ ಕೊರತೆ ಬೇರೆಯದು: ಇಲ್ಲಿ ಬರುವ ಜನರ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಸಿಟ್ಟಿನಲ್ಲಿ ಬರೆದದ್ದಕ್ಕೆ ಸಮತೂಕವಿರುವುದಿಲ್ಲ ಎಂದು ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರು ಹೇಳುತ್ತಿದ್ದರು. ಅವರ ಮಾತು ನಿಜವಿರಬಹುದು. ವಿಷಯವೂ ಅಷ್ಟೇನೂ ಘನವಾದದ್ದಲ್ಲ. ಮೊಬೈಲ್ ಫೋನಿನಲ್ಲಿ ಕಾಲ್ಪನಿಕ ಮೃಗಗಳನ್ನು ಸಾಕಿ, ಬೆಳೆಸಿ, ಕಾಳಗಕ್ಕೆ ಬಿಡುವ ಒಂದು ಆಟ. ಆ ಆಟದಲ್ಲಿ ನಾನು ಆರು ಮೃಗಗಳ ಒಂದು ತಂಡ ಕಟ್ಟಿದೆ. ನನ್ನ ಸ್ವಭಾವದ ಒಳ್ಳೆಯದೂ ಕೆಟ್ಟದ್ದೂ ಆ ಎರಡು ವಾರಗಳಲ್ಲಿ ಹೊರಬಿದ್ದಷ್ಟು ಸ್ಪಷ್ಟವಾಗಿ ಮತ್ತೆಂದೂ ಹೊರಬಿದ್ದಿಲ್ಲವಾದ್ದರಿಂದ ಅದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮನೆಯಲ್ಲಿ ಮನುಷ್ಯರಿಗೆ ಮೂರು ಸಣ್ಣ ಕೋಣೆಗಳು, ರೇಷ್ಮೆ ಹುಳಕ್ಕೆ ಒಂದು ಉದ್ದನೆಯ ಹಜಾರ. ಬೇಸಿಗೆಯಲ್ಲಿ ಹುಳದ ಮನೆಯ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ ಫ್ಯಾನು ಹಾಕುತ್ತಿದ್ದರು. ನಾವು ಅಂಗಳದಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದೆವು. ಹುಳದ ಮನೆಯೊಳಗೆ ಹೋಗುವ ಮುನ್ನ ಬಾಗಿಲಲ್ಲಿ ಕಾಲು ತೊಳೆಯಬೇಕು, ಒಗ್ಗರಣೆಯ ಹೊಗೆ ಅತ್ತ ಸುಳಿಯಬಾರದು, ಹೊರಗಿನವರು ಹೊಸಿಲು ದಾಟಬಾರದು. ಹುಳ ಪೊರೆ ಬಿಡುವುದಕ್ಕಾಗಿ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಸ್ತಬ್ಧವಾಗಿರುವ ದಿನವನ್ನು ನಮ್ಮ ಕಡೆ ಜ್ವರವೆನ್ನುತ್ತಾರೆ. ಜ್ವರದ ದಿನ ಅಲ್ಲಿ ಜೋರಾಗಿ ಕೆಮ್ಮಿದರೂ ದೊಡ್ಡಪ್ಪ ಕಣ್ಣು ಕೆಂಪಗೆ ಮಾಡುತ್ತಿದ್ದರು. ಅಪ್ಪ ಮತ್ತು ದೊಡ್ಡಪ್ಪನ ಒಲೆಗಳು ನಾನು ಹುಟ್ಟುವ ಮೊದಲೇ ಬೇರೆಯಾಗಿದ್ದವು. ಹಿಪ್ಪುನೇರಳೆ ತೋಟ ಮತ್ತು ಹುಳದ ಮನೆ ಮಾತ್ರ ಒಟ್ಟಿಗಿದ್ದವು. ಆದ್ದರಿಂದ ಒಂದೇ ಪಡಸಾಲೆಯಲ್ಲಿ ಎರಡು ಸಾಲಾಗಿ ಕುಳಿತು ಊಟ ಮಾಡುತ್ತಿದ್ದೆವು. ಅವರ ಸಾಲಿನಲ್ಲಿ ಮುದ್ದೆಗೆ ಕೋಳಿಸಾರಿದ್ದ ದಿನ ನಮ್ಮ ಸಾಲಿನಲ್ಲಿ ಹುರುಳಿಕಾಳಿನ ಬಸ್ಸಾರಿರುತ್ತಿತ್ತು. ದೊಡ್ಡಮ್ಮ ಮಂಚೇನಹಳ್ಳಿಯ ಕಡೆಯವರು. ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು. ನಮ್ಮ ಒಲೆಯ ಹೊಗೆ ಹುಳಕ್ಕೆ ತಾಗಿತೆಂದು ವಾರಕ್ಕೊಮ್ಮೆಯಾದರೂ ಇಳಿಯುತ್ತಿದ್ದರು.

ಹುಳ ಆರಿಸುವುದರಲ್ಲಿ ಅಮ್ಮನಂಥವರು ಊರಿನಲ್ಲಿರಲಿಲ್ಲ. ಜ್ವರದಿಂದ ಎದ್ದ ಹುಳಗಳ ನಡುವೆ ಮಂಕಾಗಿ ಉಳಿದದ್ದು, ಸೊಪ್ಪಿಗೆ ಬಾಯಿ ಹಾಕಲು ತಡ ಮಾಡಿದ್ದು, ಉಳಿದವುಗಳಿಗಿಂತ ನಿಧಾನವಾಗಿ ಹರಿದದ್ದು, ಇವೆಲ್ಲ ಅವಳ ಕಣ್ಣಿಗೆ ದೂರದಿಂದಲೇ ಬೀಳುತ್ತಿದ್ದವು. ಒಂದು ನಿಧಾನದ ಹುಳವನ್ನು ಬಿಟ್ಟರೆ ರೋಗ ಇಡೀ ತಟ್ಟೆಗೆ ಹರಡುತ್ತದೆ. ಅವಳು ಎರಡು ಬೆರಳಲ್ಲಿ ಎತ್ತಿ, ಸುಣ್ಣದ ನೀರಿನ ಬಕೆಟ್ಟಿಗೆ ಹಾಕಿ, ಮುಂದಿನ ತಟ್ಟೆಗೆ ಹೋಗುತ್ತಿದ್ದಳು. ದೊಡ್ಡಪ್ಪ ಅವಳನ್ನು ಯಾವ ಕೆಲಸಕ್ಕೂ ಹೊಗಳಿದವರಲ್ಲ. ಆದರೆ ಅವಳು ತವರಿಗೆ ಹೋಗುವ ದಿನವನ್ನು ಹುಳದ ಜ್ವರ ನೋಡಿ ಅವರೇ ಗೊತ್ತು ಮಾಡುತ್ತಿದ್ದರು.

ಕಾಲೇಜುಗಳು ಮುಚ್ಚಿ ಪಾಠಗಳು ಫೋನಿನಲ್ಲಿ ಬರತೊಡಗಿದ ವರ್ಷ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ದೊಡ್ಡಪ್ಪನ ಮಗ ಕಿರಣ ನನಗಿಂತ ಒಂದು ವರ್ಷ ದೊಡ್ಡವನಾದರೂ ಒಮ್ಮೆ ಫೇಲಾಗಿ ನನ್ನ ತರಗತಿಯಲ್ಲೇ ಇದ್ದ. ಮನೆಯಲ್ಲಿ ಪಾಠ ಬರುವಂಥ ಫೋನು ಒಂದೇ. ಎರಡು ಮನೆಯವರೂ ಸೇರಿ ಕೊಂಡದ್ದಾದರೂ ಅದು ಕಿರಣನ ಜೇಬಿನಲ್ಲಿರುತ್ತಿತ್ತು. ಅವನು ಏಳುವ ಮುಂಚಿನ ಬೆಳಗಿನ ಹೊತ್ತು ಮತ್ತು ಪಾಠದ ಎರಡು ಗಂಟೆ ಮಾತ್ರ ನನ್ನದು. ಆ ಎರಡು ಗಂಟೆಯಲ್ಲೂ ಅವನು ನನ್ನ ಭುಜದ ಹಿಂದೆ ನಿಂತು, ತನ್ನ ಆಟ ಕಾಯುತ್ತಿದೆಯೆಂದು ಗೊಣಗುತ್ತಿದ್ದ. ಅವನು ಎರಡು ವರ್ಷಗಳಿಂದ ಆ ಆಟ ಆಡುತ್ತಿದ್ದ. ಬೆಂಕಿಯುಗುಳುವ, ರೆಕ್ಕೆಯ, ಹೊಳೆಯುವ ಮೃಗಗಳು ಅವನ ಬಳಿ ರಾಶಿಯಾಗಿದ್ದವು. ಅದೇ ಫೋನಿನಲ್ಲಿ ನಾನೂ ನನ್ನ ಹೆಸರಿನಲ್ಲಿ ಆಟ ಶುರು ಮಾಡಿದ್ದು ಆಸೆಯಿಂದಲ್ಲ, ಹಗೆಯಿಂದ. ಅವನು ಯಾವುದರಲ್ಲಿ ತನ್ನನ್ನು ದೊಡ್ಡವನೆಂದುಕೊಂಡಿದ್ದನೋ ಅದರಲ್ಲೇ ಅವನನ್ನು ಕೆಡವಬೇಕೆಂಬ ಒಂದೇ ಯೋಚನೆ ನನಗಿತ್ತು.

ಮೂರನೇ ಜ್ವರದ ದಿನ ಅದು ಸ್ಫೋಟವಾಯಿತು. ಪಾಠ ಮುಗಿಯುವ ಮೊದಲೇ ಅವನು ಫೋನು ಕಿತ್ತುಕೊಂಡ. ನಾನು ಹಿಂದೆಯೇ ಓಡಿದೆ. ಓಡುತ್ತಾ ಇಬ್ಬರೂ ಕಾಲು ತೊಳೆಯದೆ ಹುಳದ ಮನೆಯೊಳಗೆ ನುಗ್ಗಿದೆವು. ಎಳೆದಾಡಿದಾಗ ಫೋನು ಕೈಜಾರಿ ತಟ್ಟೆಯೊಂದರ ನಡುವೆ ಬಿತ್ತು. ತಲೆಯೆತ್ತಿ ನಿಂತಿದ್ದ ಹುಳಗಳಲ್ಲಿ ಒಂದು ಬೊಗಸೆಯಷ್ಟು ಅಲ್ಲೇ ಹಸಿರು ನೀರಾದವು. ದೊಡ್ಡಪ್ಪ ಬಂದು ನೋಡಿದರು. ಅವರು ಹೊಡೆಯಲಿಲ್ಲ. ಫೋನನ್ನು ಪಂಚೆಯಲ್ಲಿ ಒರೆಸಿ ಪಡಸಾಲೆಗೆ ಬಂದು, ಎಲ್ಲರನ್ನೂ ಕೂರಿಸಿದರು.

"ಇನ್ಮೇಲೆ ಇದು ಒಬ್ಬರದೇ. ಇಬ್ಬರದಲ್ಲ."

"ಅವಳಿಗೂ ಪಾಠ ಐತಲ್ಲಣ್ಣ" ಎಂದು ಅಪ್ಪ ನೆಲ ನೋಡುತ್ತಾ ಹೇಳಿದರು.

"ಐತೆ. ಇಲ್ಲ ಅಂದ್ನಾ? ನ್ಯಾಯವಾಗೇ ಮಾಡಣ. ಅದೇನೋ ಮೃಗದ ಆಟ ಅಂತಲ್ಲ, ಅದ್ಕೇ ತಾನೆ ಕಚ್ಚಾಡಿದ್ದು? ಅದ್ರಾಗೇ ತೀರ್ಮಾನ ಆಗ್ಲಿ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಇನ್ನ ಹದಿನಾಲ್ಕು ದಿನ ಐತೆ, ಅದರ ಹಿಂದಿನ ದಿನ ಇಬ್ಬರೂ ಎದುರಾಬದುರಾ ಕೂತ್ಕೊಳಿ. ಗೆದ್ದೋರಿಗೆ ಫೋನು. ಸೋತೋರು ಇನ್ನೊಂದು ಸಲ ಕೇಳಂಗಿಲ್ಲ."

ಕಿರಣ ನಕ್ಕ. "ಎರಡು ವರ್ಷದಿಂದ ಆಡ್ತಿದೀನಿ ಕಣಪ್ಪ ನಾನು. ಇವಳತ್ರ ಒಂದು ಹಲ್ಲಿನೂ ಇಲ್ಲ."

"ಅದಕ್ಕೇ ಹದಿಮೂರು ದಿನ ಟೈಮ್ ಕೊಟ್ಟಿದೀನಿ. ಸಾಕ್ಕೊಳ್ಲಿ."

ದೊಡ್ಡಮ್ಮ ನನ್ನ ಕಡೆ ತಿರುಗಿ, "ಪೋನೀಲೇ ಅಮ್ಮಾಯಿ, ಹೋಗ್ಲಿ ಬಿಡು, ಸೋತ್ರೆ ಫಿಲೇಚರ್‌ನಾಗೆ ಕೆಲ್ಸ ಇದ್ದೇ ಇರುತ್ತೆ" ಎಂದರು. ಫಿಲೇಚರೆಂದರೆ ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆ. ನಮ್ಮ ಬೀದಿಯಲ್ಲಿ ಓದು ನಿಂತ ಹುಡುಗಿಯರೆಲ್ಲ ಬೆಳಿಗ್ಗೆ ಅಲ್ಲಿಗೆ ಹೋಗಿ, ಬೆರಳ ತುದಿ ಬೆಳ್ಳಗಾಗಿಸಿಕೊಂಡು ಸಂಜೆ ಬರುತ್ತಿದ್ದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಫೋನು ಹೋದರೆ ಪಾಠವಿಲ್ಲ, ಪಾಠವಿಲ್ಲದೆ ಪರೀಕ್ಷೆಯಿಲ್ಲ.

ಕಿರಣನ ಮೃಗಗಳಂಥವನ್ನು ಹದಿಮೂರು ದಿನದಲ್ಲಿ ಸಂಪಾದಿಸಲು ಸಾಧ್ಯವಿರಲಿಲ್ಲ. ಭೌತಶಾಸ್ತ್ರದ ನೋಟ್ ಪುಸ್ತಕದ ಹಿಂಬದಿಯಲ್ಲಿ ನಾನು ಆಟದ ನಿಯಮಗಳನ್ನು ಬರೆದುಕೊಂಡು ಕುಳಿತೆ. ಪ್ರತಿ ಮೃಗಕ್ಕೂ ಬಲ, ಜೀವ, ರಕ್ಷಣೆ, ವೇಗ ಎಂಬ ಅಂಕಿಗಳಿರುತ್ತವೆ. ವೇಗ ಹೆಚ್ಚಿರುವುದು ಮೊದಲು ಹೊಡೆಯುತ್ತದೆ. ಕಿರಣನ ತಂಡದ ಶಕ್ತಿಯೆಲ್ಲ ಇದ್ದದ್ದು ವೇಗದಲ್ಲಿ. ಆದರೆ ಆಟದಲ್ಲಿ ಒಂದು ವಿದ್ಯೆಯಿತ್ತು; ಕಿರಣನೂ ಅವನ ಸ್ನೇಹಿತರೂ ಅದನ್ನು ಉಲ್ಟಾ ಎನ್ನುತ್ತಿದ್ದರು, ಹೇಡಿಗಳ ವಿದ್ಯೆಯೆಂದು ನಗುತ್ತಿದ್ದರು. ಅದನ್ನು ಪ್ರಯೋಗಿಸಿದರೆ ಐದು ಸುತ್ತುಗಳವರೆಗೆ ಕ್ರಮ ತಲೆಕೆಳಗಾಗುತ್ತದೆ: ಎಲ್ಲಕ್ಕಿಂತ ನಿಧಾನವಾದದ್ದು ಮೊದಲು ಹೊಡೆಯುತ್ತದೆ. ನಿಧಾನದ ಮೃಗಗಳನ್ನು ಯಾರೂ ಬಯಸುವುದಿಲ್ಲವಾದ್ದರಿಂದ ಅವು ಸುಲಭವಾಗಿ ಸಿಗುತ್ತಿದ್ದವು. ಉಲ್ಟಾ ಮಾಡುವ ಬೂದಿ ಬಣ್ಣದ ಎರಡು, ಪೆಟ್ಟು ತಡೆದುಕೊಳ್ಳುವ ಆಮೆಯಂಥದ್ದೊಂದು, ವಿಷವುಗುಳುವುದೊಂದು, ಗಾಯ ಮಾಯಿಸುವುದೊಂದು, ಇವು ಐದು. ಆರನೆಯದು ಹೊಡೆಯುವ ಮೃಗ. ಬಂಡೆಯಂತಿದ್ದ ಅದಕ್ಕೆ ಬಲ ವಿಪರೀತ, ವೇಗ ಮಾತ್ರ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ವೇಗದಲ್ಲಿ ಸೊನ್ನೆಯಿರುವ ಬಂಡೆಮೃಗ ಹುಟ್ಟಬೇಕಾದರೆ ಮೊಟ್ಟೆಯ ಮೇಲೆ ಮೊಟ್ಟೆ ಒಡೆಸುತ್ತಾ ಹೋಗಬೇಕು.

ಮೊಟ್ಟೆ ಒಡೆಯುವುದು ಹೆಜ್ಜೆಗಳ ಮೇಲೆ. ಫೋನು ಹಿಡಿದವರು ನಡೆದಂತೆಲ್ಲ ಆಟ ಹೆಜ್ಜೆ ಎಣಿಸುತ್ತದೆ. ನಾನು ಅಂಗಳದಲ್ಲಿ ಸುತ್ತುವುದನ್ನು ಎರಡು ದಿನ ನೋಡಿದ ಅಮ್ಮ ಕೇಳಿದಳು:

"ಯಾಕೆ ಹಿಂಗೆ ಗಾಣದೆತ್ತಿನಂಗೆ ಸುತ್ತುತೀಯ?"

"ನಡೆದ್ರೆ ಮೊಟ್ಟೆ ಒಡೆಯುತ್ತಮ್ಮ. ಮರಿ ಬರುತ್ತೆ."

"ಯಾರು ನಡೆದ್ರೂ ಬತ್ತದಾ?"

"ಯಾರಾದ್ರೂ ಪರವಾಗಿಲ್ಲ."

"ಕೊಡು ಇಲ್ಲಿ. ತೋಟಕ್ಕೂ ಮನೆಗೂ ಸೊಪ್ಪು ಹೊತ್ಕೊಂಡು ಹೊತ್ತಾರೆ ಎಷ್ಟು ಸಲ ತಿರುಗ್ತೀನಿ ನಾನು. ಇದೂ ಬರ್ಲಿ ಜೊತೆಗೆ."

ಅಂದಿನಿಂದ ಪ್ರತಿ ಬೆಳಿಗ್ಗೆ ಫೋನು ಅಮ್ಮನ ಎಲೆಅಡಿಕೆ ಸಂಚಿಯಲ್ಲಿ, ಅವಳ ಸೊಂಟದಲ್ಲಿ, ಹಿಪ್ಪುನೇರಳೆ ತೋಟಕ್ಕೂ ಮನೆಗೂ ಓಡಾಡಿತು. ತಲೆಯ ಮೇಲೆ ಸೊಪ್ಪಿನ ಹೊರೆ, ಸೊಂಟದಲ್ಲಿ ನನ್ನ ಮೊಟ್ಟೆಗಳು. ಹೊರೆ ಇಳಿಸಿ, ಕೈಗಂಟಿದ ಸೊಪ್ಪಿನ ಹಾಲು ಒರೆಸಿಕೊಂಡು, ಪರದೆ ಒತ್ತಿ ಮರಿ ಹೊರತೆಗೆಯುವುದನ್ನು ಅವಳು ಒಂದೇ ದಿನದಲ್ಲಿ ಕಲಿತಳು. ನಾಲ್ಕನೇ ತರಗತಿಯವರೆಗೆ ಓದಿದ್ದಳು. ಅಂಕಿ ಓದಲು ಬರುತ್ತಿತ್ತು. ಎಲ್ಲ ಮೃಗವನ್ನೂ ಅವಳು ಹುಳವೆಂದೇ ಕರೆಯುತ್ತಿದ್ದಳು. ಮರಿಗಳನ್ನಿಡುವ ಪೆಟ್ಟಿಗೆ ತುಂಬಿದರೆ ಹೊಸ ಮೊಟ್ಟೆ ಸಿಗುವುದಿಲ್ಲವೆಂದೂ, ಆಗ ಅಂಕಿ ಕಡಿಮೆಯಿರುವ ಮಂಕಾದವನ್ನು ಕಾಡಿಗೆ ಬಿಟ್ಟು ಜಾಗ ಮಾಡಬೇಕೆಂದೂ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಆಮೆಯನ್ನು ಬೆಳೆಸುತ್ತಿದ್ದಾಗ ಹೇಳಿದ ಮಾತು ಅದು. ಬಂಡೆಮೃಗದ ಲೆಕ್ಕಾಚಾರ ತದ್ವಿರುದ್ಧವೆಂದು ಹೇಳಲಿಲ್ಲ. ಉಲ್ಟಾ ಎಂದರೇನೆಂದು ಅಮ್ಮನಿಗೆ ವಿವರಿಸುವುದು ಅಗತ್ಯವೆಂದೇ ನನಗೆ ತೋರಲಿಲ್ಲ. ಅವಳು ನಡೆದರೆ ಸಾಕಿತ್ತು.

ಹನ್ನೊಂದನೆಯ ದಿನ ಪಾಠದ ನಡುವೆ ಕದ್ದು ನೋಡಿದೆ: ಅಂದು ಬೆಳಿಗ್ಗೆ ಹುಟ್ಟಿದ ಒಂದು ಬಂಡೆಮರಿಯ ವೇಗದಲ್ಲಿ ಸೊನ್ನೆಯಿತ್ತು, ಬಲ ಪೂರ್ತಿಯಿತ್ತು. ನನ್ನ ಆರು ಪೂರ್ಣವಾಯಿತು. ಆ ದಿನ ನಾನು ಕಿರಣನ ಮುಖವನ್ನು ನೇರವಾಗಿ ನೋಡಿದೆ. ಅವನು "ಏನೇ ಹಂಗೆ ನೋಡ್ತೀಯ, ಹಲ್ಲಿ ಸಿಕ್ತಾ?" ಎಂದ.

ಮರುದಿನ ಬೆಳಿಗ್ಗೆ ಅಮ್ಮ ತೋಟದಿಂದ ಬಂದು ಫೋನು ಕೊಟ್ಟಾಗ ಪೆಟ್ಟಿಗೆ ಅರ್ಧ ಖಾಲಿಯಾಗಿತ್ತು. ಆಮೆಯಿತ್ತು, ಬೂದಿಯವೆರಡೂ ಇದ್ದವು, ವಿಷದ್ದೂ ಮದ್ದಿನದೂ ಇದ್ದವು. ಚುರುಕಾದ ನಾಲ್ಕು ಬಂಡೆಮರಿಗಳಿದ್ದವು. ಸೊನ್ನೆಯದು ಇರಲಿಲ್ಲ. ಆಟದಲ್ಲಿ ಒಮ್ಮೆ ಕಾಡಿಗೆ ಬಿಟ್ಟದ್ದು ಹಿಂದಿರುಗುವುದಿಲ್ಲ.

"ಅಮ್ಮ, ಆ ಸೊನ್ನೆ ಇದ್ದಿದ್ದು ಎಲ್ಲಿ?"

"ಅದಾ? ತೆಗ್ದೆ ಕಣಮ್ಮ. ಪೆಟ್ಗೆ ತುಂಬೋಗಿತ್ತು. ಒಂದೊಂದೂ ಬಿಚ್ಚಿ ನೋಡ್ದೆ. ಅದಕ್ಕೆ ವೇಗನೇ ಇರ್ಲಿಲ್ಲ, ಸೊನ್ನೆ ಅಂತಿತ್ತು. ಅಂಥದ್ನ ಇಟ್ಕೊಂಡ್ರೆ ಉಳಿದಿದ್ದೂ ಕೆಡ್ತವೆ."

ನಾನು ಏನು ಹೇಳಿದೆನೆಂಬುದನ್ನು ಮೃದುವಾಗಿಸದೆ ಬರೆಯುತ್ತೇನೆ. "ಓದಿಲ್ದೋರ ಕೈಗೆ ಕೊಟ್ಟಿದ್ದೇ ನನ್ನ ತಪ್ಪು. ನಿನಗೆ ಹುಳ ಬಿಟ್ರೆ ಪ್ರಪಂಚದಾಗೆ ಇನ್ನೇನು ಗೊತ್ತು? ನೀನು ಹೆಂಗಿದೀಯೋ ನಾನೂ ಹಂಗೇ ಇರ್ಬೇಕು ಅಂತ ತಾನೆ ನಿನ್ನಾಸೆ?" ಪಡಸಾಲೆಯಲ್ಲಿ ಅವರ ಸಾಲೂ ನಮ್ಮ ಸಾಲೂ ಬೆಳಗಿನ ಊಟಕ್ಕೆ ಕುಳಿತಿದ್ದವು. ದೊಡ್ಡಮ್ಮ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಹಾಗೆಯೇ ಹಿಡಿದು ಕೇಳಿಸಿಕೊಂಡರು.

ಅಮ್ಮ ಸೊಪ್ಪಿನ ಗೋಣಿ ಮಡಿಸುತ್ತಿದ್ದವಳು ನಿಲ್ಲಿಸಿದಳು.

"ನಾನು ಓದಿದ್ರೆ ನಿನ್ನ ಹುಳನ ಸೊಂಟಕ್ಕೆ ಕಟ್ಕೊಂಡು ತಿರುಗ್ತಿದ್ನೇನೆ?"

ಅಷ್ಟೇ ಹೇಳಿ ಹುಳದ ಮನೆಗೆ ಹೋದಳು. ಎಲೆಅಡಿಕೆ ಸಂಚಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ. ಅದು ಗೋಡೆಯ ಗೂಡಿನಲ್ಲೇ ಉಳಿಯಿತು. ನಾನು ಕ್ಷಮೆ ಕೇಳಲಿಲ್ಲ. ತಪ್ಪು ನನ್ನ ಮಾತಿನಿಂದಲೇ ಹುಟ್ಟಿತೆಂದು ಆಗಲೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಇಮ್ಮಡಿಯಾಯಿತು.

ಉಳಿದ ಒಂದು ದಿನದಲ್ಲಿ ನಾನೊಬ್ಬಳೇ ಅಂಗಳ ಸುತ್ತಿ ಒಡೆಸಿದ ಮೊಟ್ಟೆಗಳಲ್ಲಿ ಸೊನ್ನೆ ಬರಲಿಲ್ಲ. ಇದ್ದುದರಲ್ಲಿ ಕಡಿಮೆ ವೇಗದ ಒಂದು ಬಂಡೆಮರಿಯನ್ನು ಆರನೆಯದಾಗಿ ಸೇರಿಸಿದೆ. ಕಾಳಗ ನಡೆದದ್ದು ಮಧ್ಯಾಹ್ನದ ಊಟದ ನಂತರ, ಪಡಸಾಲೆಯಲ್ಲಿ. ಕಿರಣ ಸ್ನೇಹಿತನ ಹೊಸ ಫೋನು ತಂದಿದ್ದ, ನನಗೆ ಮನೆಯದು. ದೊಡ್ಡಪ್ಪ ಕಂಬಕ್ಕೆ ಒರಗಿ ಕುಳಿತಿದ್ದರು. ಅಪ್ಪ ಹೊರಗೆ ಚಂದ್ರಿಕೆಗಳನ್ನು, ಎಂದರೆ ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳನ್ನು, ಬಿಸಿಲಿಗೆ ಒಡ್ಡುತ್ತಿದ್ದರು.

ಮೊದಲ ಸುತ್ತಿನಲ್ಲೇ ಉಲ್ಟಾ ಹಾಕಿದೆ. ಕಿರಣನ ನಗು ನಿಂತಿತು. ಅವನ ರೆಕ್ಕೆಯ ಮೃಗ ಹೊಡೆಯುವ ಮುಂಚೆಯೇ ನನ್ನ ಆಮೆ ಅದನ್ನು ಕೆಡವಿತು. ಬೆಂಕಿಯದಕ್ಕೂ ಅದೇ ಗತಿಯಾಯಿತು. "ಇದೇನಪ್ಪ ಹಿಂದ್ಲಿಂದ ಮುಂದಕ್ಕೆ ಆಡ್ತಾಳೆ" ಎಂದು ಅವನು ಬೆವರು ಒರೆಸಿಕೊಂಡ. ಉಲ್ಟಾದ ಐದು ಸುತ್ತು ಮುಗಿದಾಗಲೆಲ್ಲ ಮತ್ತೆ ಹಾಕಿದೆ. ಒಂದೊಂದಾಗಿ ಅವನ ಐದು ಬಿದ್ದವು, ನನ್ನವು ನಾಲ್ಕು. ಅವನ ಬಳಿ ಉಳಿದದ್ದು ಒಂದು: ಆನೆಯ ಗಾತ್ರದ್ದು, ಅವನ ತಂಡದಲ್ಲಿದ್ದ ಒಂದೇ ನಿಧಾನದ ಮೃಗ. ನನ್ನ ಬಳಿ ಉಳಿದವು ಪೆಟ್ಟು ತಿಂದು ಸೊರಗಿದ್ದ ಒಂದು ಬೂದಿ ಮತ್ತು ಬಂಡೆಮೃಗ. ಬಂಡೆಯ ಒಂದು ಪೆಟ್ಟಿಗೆ ಆನೆ ಉಳಿಯುತ್ತಿರಲಿಲ್ಲ. ಮೊದಲು ಹೊಡೆಯುವುದು ಯಾರೆಂಬುದಷ್ಟೇ ಪ್ರಶ್ನೆ. ಸೊನ್ನೆಯದಾಗಿದ್ದರೆ ನನ್ನದೇ ಮೊದಲು. ಅಂದು ನಾನಿಳಿಸಿದ ಬಂಡೆಯ ವೇಗ ಆನೆಯದಕ್ಕಿಂತ ಎರಡು ಅಂಕಿ ಹೆಚ್ಚಿತ್ತು. ಉಲ್ಟಾ ನಡೆಯುತ್ತಿದ್ದುದರಿಂದ ಆನೆ ಮೊದಲು ಹೊಡೆಯಿತು. ಬಂಡೆ ಉರುಳಿತು. ಮುಂದಿನ ಸುತ್ತಿನಲ್ಲಿ ಬೂದಿಯೂ ಬಿತ್ತು.

ಕಿರಣನದು ನ್ಯಾಯವಾದ ಗೆಲುವು. ಅದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ಅವನು ಮೋಸ ಮಾಡಲಿಲ್ಲ. ಎದ್ದು ನಿಂತು ನನ್ನ ಕೈಯಿಂದ ಮನೆಯ ಫೋನನ್ನು ತೆಗೆದುಕೊಂಡು, "ಫಿಲೇಚರ್‌ಗೆ ಯಾವಾಗಿಂದ ಹೋಗ್ತೀಯ?" ಎಂದ. ದೊಡ್ಡಪ್ಪ, "ಮಾತಾಗಿತ್ತು, ಮುಗೀತು" ಎಂದು ಟವೆಲ್ ಕೊಡವಿ ಎದ್ದರು.

ಮರುದಿನ ಬೆಳಗಾಗುವಷ್ಟರಲ್ಲಿ ಹುಳ ಹಣ್ಣಾಗಿತ್ತು. ಹಣ್ಣಾದ ಹುಳದ ಮೈ ಹೊಂಬಣ್ಣಕ್ಕೆ ತಿರುಗಿ ಪಾರದರ್ಶಕವಾಗುತ್ತದೆ; ಬಾಯಿಂದ ನೂಲು ಬಿಡತೊಡಗುತ್ತದೆ. ಅಂಥದ್ದನ್ನು ಹುಡುಕಿ ಹುಡುಕಿ ಎತ್ತಿ ಚಂದ್ರಿಕೆಗೆ ಹಾಕಬೇಕು. ಕೆಲವು ಗಂಟೆ ತಡವಾದರೆ ನೂಲು ತಟ್ಟೆಯ ಕಸಕ್ಕೇ ಸುತ್ತಿ ಹಾಳಾಗುತ್ತದೆ. ಹಣ್ಣಾಗದ್ದನ್ನು ಅವಸರಕ್ಕೆ ಎತ್ತಿದರೆ ಗೂಡು ತೆಳುವಾಗುತ್ತದೆ. ದೊಡ್ಡಮ್ಮ, ದೊಡ್ಡಪ್ಪ, ಅಪ್ಪ, ಕಿರಣ ಎಲ್ಲರೂ ಕಾಲು ತೊಳೆದು ಒಳಗೆ ಹೋದರು. ಅಮ್ಮ ಹುಳದ ಮನೆಯ ಹೊಸಿಲ ಹೊರಗೆ ಕುಳಿತಿದ್ದಳು.

"ಯಾಕಮ್ಮ ಕೂತಿದೀಯ?" ದೊಡ್ಡಪ್ಪ ಒಳಗಿನಿಂದ ಕೇಳಿದರು.

ಭಾವನ ಎದುರು ಅಮ್ಮ ದನಿಯೆತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸೆರಗನ್ನು ಸರಿಮಾಡಿಕೊಂಡು ಹೇಳಿದಳು:

"ನಿನ್ನೆ ಸೋತಿದ್ದು ಅವಳಲ್ಲ ಭಾವ. ಅವಳು ಗೆಲ್ಲೋ ಹುಳನ ಆರಿಸಿ ಬಿಸಾಕಿದ್ದು ನಾನು. ಒಳ್ಳೇದ್ಯಾವುದು ಕೆಟ್ಟದ್ಯಾವುದು ಅಂತ ನನ್ನ ಕಣ್ಣಿಗೆ ತಿಳೀಲಿಲ್ಲ. ಇಂಥ ಕಣ್ಣನ್ನ ನಂಬ್ಕೊಂಡು ನೀವ್ಯಾಕೆ ಬೆಳೆ ಕೆಡಿಸ್ಕೋತೀರಿ?"

"ಆಟದ ಮಾತು ಆಟಕ್ಕಮ್ಮ. ಇದು ಬದುಕು. ಬಾ ಒಳಗೆ."

"ಆಟದಾಗೇ ತಾನೆ ಅವಳ ಓದು ತೀರ್ಮಾನ ಮಾಡಿದ್ದು ನೀವು?"

ಹುಳಗಳು ಸೊಪ್ಪು ಕೊರೆಯುವ ಸದ್ದು ಆ ವೇಳೆಗೆ ಬಹುಪಾಲು ನಿಂತಿತ್ತು. ದೊಡ್ಡಮ್ಮ ಒಂದು ಹುಳವನ್ನು ಎತ್ತಿ ಬೆಳಕಿಗೆ ಹಿಡಿದು, ನಿರ್ಧರಿಸಲಾಗದೆ ಮತ್ತೆ ಇಟ್ಟರು. ಅಪ್ಪ ತಟ್ಟೆ ಬಿಟ್ಟು ಹೊರಗೆ ಬಂದು ಅಮ್ಮನ ಪಕ್ಕದ ಗೋಡೆಗೆ ಒರಗಿ ನಿಂತರು. ಬಿಸಿಲು ಅಂಗಳದ ಅರ್ಧಕ್ಕೆ ಬರುವಷ್ಟರಲ್ಲಿ ಮೇಲಿನ ತಟ್ಟೆಯ ಹುಳಗಳು ಕಸಕ್ಕೆ ನೂಲು ಸುತ್ತತೊಡಗಿದವು. ದೊಡ್ಡಪ್ಪ ಕಿರಣನ ಜೇಬಿಗೆ ಕೈ ಹಾಕಿದರು.

"ಅಪ್ಪ, ನಾನು ಗೆದ್ದಿದೀನಿ" ಎಂದ ಕಿರಣ. ಅವನ ದನಿ ಒಡೆದಿತ್ತು.

"ಮುಚ್ಚೋ ಬಾಯಿ."

ದೊಡ್ಡಪ್ಪ ಫೋನನ್ನು ಹೊಸಿಲ ಮೇಲಿಟ್ಟರು, ಅಮ್ಮನ ಕೈಗೆ ಕೊಡಲಿಲ್ಲ. ಅಮ್ಮ ಅದನ್ನು ಮುಟ್ಟಲಿಲ್ಲ. ನನ್ನ ಕಡೆ ನೋಡದೆ "ತಗೊಂಡ್ಹೋಗು" ಎಂದು, ಕಾಲು ತೊಳೆದು ಒಳಗೆ ಹೋದಳು. ನಾನು ಅವಳ ಹಿಂದೆಯೇ ಹೋಗಿ ಏನೋ ಹೇಳಲು ಬಾಯಿ ತೆರೆದೆ. ಹುಳ ಎತ್ತುತ್ತಲೇ ಅವಳು ಹೇಳಿದಳು: "ನಿನಗೋಸ್ಕರ ಅಂದ್ಕೋಬೇಡ. ನಾನು ಕೆಡಿಸಿದ್ದು, ನಾನು ಸರಿ ಮಾಡ್ದೆ. ನೀನಂದಿದ್ದು ಅಂದಂಗೇ ಐತೆ."

ಆ ಬೆಳೆಯ ನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇಷ್ಟು. ಎರಡು ಮನೆಯವರು ಮತ್ತೆ ಒಟ್ಟಿಗೆ ಹುಳ ಸಾಕಲಿಲ್ಲ. ತೋಟ ಭಾಗವಾಯಿತು, ಹುಳದ ಮನೆ ದೊಡ್ಡಪ್ಪನ ಪಾಲಿಗೆ ಹೋಯಿತು. ಅಪ್ಪ ತೋಟದ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿದರು. ಅಮ್ಮ ಅಲ್ಲಿ ಈಗಲೂ ಹುಳ ಆರಿಸುತ್ತಾಳೆ. ದೊಡ್ಡಪ್ಪನವರು ಎರಡು ಬೆಳೆ ಕಳೆದುಕೊಂಡು ಸಾಕುವುದನ್ನೇ ಬಿಟ್ಟರು. ಕಿರಣ ಆ ವರ್ಷವೇ ಓದು ಬಿಟ್ಟ. ಈಗ ಗೌರಿಬಿದನೂರಿನ ಕಡೆ ಸರಕಿನ ವಾಹನ ಓಡಿಸುತ್ತಾನೆ. ಎದುರಾದರೆ ನಾವಿಬ್ಬರೂ ಮಾತಾಡುವುದಿಲ್ಲ. ನಾನು ಪಾಸಾಗಿ ಚಿಂತಾಮಣಿಯಲ್ಲಿ ಪದವಿ ಮುಗಿಸಿದೆ, ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮ್ಮ ನನ್ನೊಡನೆ ಊಟ, ಬಟ್ಟೆ, ಬಸ್ಸಿನ ಹೊತ್ತು ಎಲ್ಲವನ್ನೂ ಮಾತಾಡುತ್ತಾಳೆ. ಆದರೆ ನನ್ನ ಫೋನನ್ನು ಕೈಯಲ್ಲಿ ಹಿಡಿಯುವುದಿಲ್ಲ. ಅವಳ ತವರಿನಿಂದ ಕರೆ ಬಂದರೆ, ಸ್ಪೀಕರ್ ಹಾಕಿ ನೆಲದ ಮೇಲಿಡು ಎನ್ನುತ್ತಾಳೆ. ನಾನು ಇಡುತ್ತೇನೆ. ಅವಳು ಬಗ್ಗಿ ಮಾತಾಡುತ್ತಾಳೆ.